ಎಂಥೂಸಿಯಾಸಂ ಅಂದ್ರೆ ಎಂತ ಮಿಸ್?

ಉತ್ಸಾಹ. ಹುಮ್ಮಸ್ಸು ಅಂದರೂ ನಡೆಯುತ್ತದೆ. ಸಾಕಾ?

ಸಾಕಾಗಲ್ಲ, ಗೊತ್ತು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ತಪ್ಪಿಗೆ ಮಡಿಕೇರಿ ಸಂತೆಯಲ್ಲಿ ಬೀನ್ಸ್ ಆರಿಸುವಾಗಲೂ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ. ರೆಸಾರ್ಟ್ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳ ಅಪ್ಪ ಅಮ್ಮಂದಿರೇ ಜಾಸ್ತಿ. "ಮಿಸ್, ಎಂಥೂಸಿಯಾಸಂ ಅಂದ್ರೆ ಎಂತ? ಚುರುಕು ಅಂತಲಾ?" ಅಲ್ಲ ಮಾರಾಯ್ರೇ. ಮತ್ತೆ, "ಐ ಆಮ್ ಎಂಥೂಸಿಯಾಸಂ" ಅಂತ ದಯವಿಟ್ಟು ಬರೆಸಬೇಡಿ. ಎಂಥೂಸಿಯಾಸ್ಟಿಕ್ ಅನ್ನಬೇಕು.

ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲ್ಲ. ಕತೆ ಇರುವುದೇ ಅಲ್ಲಿ. ಗ್ರೀಕಿನಲ್ಲಿ 'ಎನ್' ಅಂದರೆ ಒಳಗೆ, 'ಥಿಯೋಸ್' ಅಂದರೆ ದೇವರು. ದೇವರು ಒಳಹೊಕ್ಕವನು 'ಎಂಥಿಯೋಸ್'. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾ? ವಿಷ್ಣುಮೂರ್ತಿ ತೆರೆಯಲ್ಲಿ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆಯಲ್ಲಿ, ಸೊಂಟಕ್ಕೆ ತೆಂಗಿನ ಎಳೆ ಗರಿ ಕಟ್ಟಿಕೊಂಡು ಮೇಲೇರಿ ಅನ್ನುವ ಕೆಂಡದ ರಾಶಿಗೆ ಮತ್ತೆ ಮತ್ತೆ ಬೀಳುವವರನ್ನು ನೋಡಿ "ಎಷ್ಟು ಉತ್ಸಾಹ!" ಅಂತ ಯಾರಾದರೂ ಅಂದಿದ್ದಾರಾ? ಮೈಮೇಲೆ ಬಂದಿದೆ ಅನ್ನುತ್ತೇವೆ.

ಇಂಗ್ಲೆಂಡಿನಲ್ಲಿ ಇದು ತುಂಬಾ ಕಾಲ ಬೈಗುಳವಾಗಿತ್ತು. ದೇವರು ನನ್ನ ಹತ್ತಿರ ಮಾತಾಡ್ತಾನೆ ಅನ್ನುವವರನ್ನು ಹೀಗೆ ಹಂಗಿಸುತ್ತಿದ್ದರು. ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಥ ಶುರು ಮಾಡಿದ ಜಾನ್ ವೆಸ್ಲಿಗೂ ಇದು ತಪ್ಪಲಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಕೊಟ್ಟ ಮೊದಲ ಅರ್ಥವೇ, ದೇವರು ತನಗೆ ಮಾತ್ರ ಏನೋ ತಿಳಿಸಿದ್ದಾನೆ ಅನ್ನುವ ಪೊಳ್ಳು ನಂಬಿಕೆ. ಅದೇ ಪದ ಈಗ ಬಯೋಡೇಟಾದಲ್ಲಿ ಹೊಗಳಿಕೆ!

ನಾನು ಕೊನೆಗೆ ಕೆಲಸ ಮಾಡಿದ ಶಾಲೆಯವರು ವರ್ಷದ ವರದಿಯಲ್ಲಿ ನನ್ನ ಹೆಸರಿನ ಮುಂದೆ ಬರೆದಿದ್ದು: 'ಲ್ಯಾಕ್ಸ್ ಎಂಥೂಸಿಯಾಸಂ'. ಅಂದರೆ ನನ್ನಲ್ಲಿ ಅದು ಇಲ್ಲವಂತೆ. ಆ ಮಳೆಗಾಲವಿಡೀ ಸೋರುವ ಕ್ಲಾಸಿನಲ್ಲಿ ಬಕೆಟ್ ಇಟ್ಟುಕೊಂಡು ಪಾಠ ಮಾಡಿದವಳು ನಾನು. ಜಾನ್ಸನ್ ಕೊಟ್ಟ ಅರ್ಥವನ್ನು ನಕಲು ಮಾಡಿ, ಕೆಳಗೆ "ಹೊಗಳಿದ್ದಕ್ಕೆ ಥ್ಯಾಂಕ್ಸ್" ಅಂತ ಬರೆದು ಕೊಟ್ಟೆ. ಯಾರೂ ನಗಲಿಲ್ಲ.

ಕೇಳುವುದಾದರೆ ಇದನ್ನು ಕೇಳಿ: ಮೈಮೇಲೆ ಬಂದದ್ದು ಇಳಿದ ಮೇಲೆ ಹೇಗಿರುತ್ತೆ? ಒಂದು ಬೆಳಿಗ್ಗೆ ತೆರೆ ಮುಗಿದ ಮೇಲೆ ನೋಡಿದ್ದೆ. ತೆರೆ ಕಟ್ಟಿದವರು ಗುಡಿಯ ಹಿಂದೆ ಚಾಪೆ ಮೇಲೆ ಕೂತಿದ್ದರು. ಮುಖದ ಬಣ್ಣ ಅರ್ಧ ಹೋಗಿತ್ತು. ಬೆಲ್ಲದ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ತುಳುಕುತ್ತಿತ್ತು. ಪಕ್ಕದ ಹುಡುಗನ ಹತ್ತಿರ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸಿದರು. ರಾತ್ರಿ ಇನ್ನೊಂದು ಊರಲ್ಲಿ ತೆರೆ ಇತ್ತಂತೆ.