ಕೆ ಡಬ್ಬಿ: ಐದಕ್ಷರದ ಲೆಕ್ಕ, ಮೂರನೇ ತಿಂಗಳು

ನಿನ್ನೆ ರಾತ್ರಿಗೆ 58 ಆಯಿತು. ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಅಷ್ಟು ಚೀಟಿ ಉಂಟು. ಒಂದೊಂದರಲ್ಲೂ ಒಂದೊಂದು ಇಂಗ್ಲಿಷ್ ಪದ, ಎಲ್ಲವೂ ಐದೇ ಅಕ್ಷರದ್ದು, ಎಲ್ಲವೂ ಕೆಯಿಂದ ಶುರು. ಊರು, ಜನರ ಹೆಸರು ಬೇಡ. ಕೊನೆಗೆ ಎಸ್ ಅಂಟಿಸಿ ಐದು ಮಾಡಿದ್ದು ಬೇಡ. ಮನೆಯ ನಿಘಂಟಿನಲ್ಲಿ ಇರಲೇಬೇಕು. ಇಷ್ಟೇ ನಿಯಮ. ಮೊಬೈಲಿನಲ್ಲಿ ಹುಡುಕಿದರೆ ಇಡೀ ಪಟ್ಟಿ ಎರಡು ಸೆಕೆಂಡಿಗೆ ಬರುತ್ತದೆ ಅಂತ ನನಗೂ ಗೊತ್ತು. ಆದರೆ ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದವರೆಗೆ ಬಸ್ಸಿನಲ್ಲಿ ಕೂತು ತಲೆ ಕೆರೆದುಕೊಳ್ಳುವ ಮಜಾ ಅದರಲ್ಲಿಲ್ಲ.

ಹಚ್ಚಿಕೊಟ್ಟವಳು ಅಕ್ಕನ ಮಗಳು. ಅವಳಿಗೆ ಬೆಳಿಗ್ಗೆ ಚಹಾದ ಜೊತೆ ವರ್ಡಲ್ ಆಗಬೇಕು. ಜಾಶ್ ವಾರ್ಡಲ್ 2021ರಲ್ಲಿ ಜನರಿಗೆ ಬಿಟ್ಟ, ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಪದ ಊಹಿಸುವ ಆಟ ಅದು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಮೊದಲಿನ ಉತ್ತರಪಟ್ಟಿಯಲ್ಲಿ 2,315 ಪದ. ಎಸ್‌ನಿಂದ ಶುರುವಾಗುವವೇ 366, ಎಕ್ಸ್‌ನಿಂದ ಒಂದೂ ಇಲ್ಲ, ಕೆಯಿಂದ 20. "ಇಪ್ಪತ್ತೇ ಅಲ್ವಾ ಮಾಮ, ಬಾಯಿಪಾಠ ಮಾಡಿದ್ರೆ ಆಯ್ತು" ಅಂದಳು. ಇಪ್ಪತ್ತೇ ಇರಲಿಕ್ಕೆ ಸಾಧ್ಯ ಉಂಟಾ? ಹಠ ಹಿಡಿಯಿತು.

ಮೊದಲ ತಿಂಗಳ ಕೆಲಸ ಪೂರ್ತಿ ಹಾಳು. ಬಸ್ಸಿನ ಕುಲುಕಾಟದಲ್ಲಿ ಬೇಗ ಆಗಲಿ ಅಂತ ಪದಗಳನ್ನು ಕನ್ನಡದಲ್ಲೇ ಗೀಚಿಕೊಂಡಿದ್ದೆ. ಒಂದು ಭಾನುವಾರ ಚೀಟಿಗಳನ್ನು ಚಾಪೆಯ ಮೇಲೆ ಹರಡಿ ಅಕಾರಾದಿಯಾಗಿ ಜೋಡಿಸಿದರೆ ಕಕಾರದ ಸಾಲು ಸೊರಗಿದೆ, ನಕಾರದ ಸಾಲು ಚಾಪೆ ದಾಟಿದೆ! ನೈಫ್, ನಾಕ್, ನೀಲ್, ನೋನ್, ನ್ಯಾಕ್, ನೋಲ್. ಕನ್ನಡದಲ್ಲಿ ಬರೆದ ಕೂಡಲೇ ಕೆ ಮಾಯ. ನಮ್ಮ ಲಿಪಿ ಕೇಳಿದ್ದನ್ನು ಬರೆಯುತ್ತದೆ, ಕೇಳದ್ದನ್ನು ಹೇಗೆ ಬರೆದೀತು? ಅವಳು ಬಂದು ಒಂದು ಚೀಟಿ ಎತ್ತಿ, "ಎಂತ ಮಾಮ ಇದು, ನೈಟ್? ಕುದುರೆ ಸವಾರನಾದ್ರೆ ಆರಕ್ಷರ. ರಾತ್ರಿಯಾದ್ರೆ ಕೆಯೇ ಇಲ್ಲ" ಅಂದಳು. ಎರಡೂ ಸರಿ. ಈಗ ಚೀಟಿಯ ಮುಂದೆ ಇಂಗ್ಲಿಷಿನ ಐದು ಅಕ್ಷರ, ಹಿಂದೆ ಪೆನ್ಸಿಲಿನಲ್ಲಿ ಕನ್ನಡದ ಉಚ್ಚಾರ.

ಆ ಮೂಕ ಕೆಯವು ನನ್ನ ಡಬ್ಬಿಯಲ್ಲಿ 12. ಆಮೇಲೆ ವರ್ಡಲ್‌ನ ಇಪ್ಪತ್ತನ್ನೂ ತೆರೆದು ನೋಡಿದೆ, ಅದರಲ್ಲಿ ಸರಿಯಾಗಿ ಅರ್ಧ, ಹತ್ತು, ಇದೇ ಜಾತಿಯವು. ಹಳೆಯ ಇಂಗ್ಲಿಷಿನಲ್ಲಿ ಈ ಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರಂತೆ. ನಾಲಿಗೆ ಬಿಟ್ಟರೂ ಕಾಗುಣಿತ ಬಿಡಲಿಲ್ಲ. ಜರ್ಮನರು ಇವತ್ತಿಗೂ ಮೊಣಕಾಲಿಗೆ 'ಕ್ನೀ' ಅನ್ನುತ್ತಾರೆ. 1894ರಲ್ಲಿ ಇಲ್ಲೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಿಂದ ನಿಘಂಟು ಹೊರತಂದ ಕಿಟೆಲ್ ಕೂಡ ಹಾಗೇ ಅಂದಿರಬೇಕು. ನಾವೇನು ಕಮ್ಮಿಯೆ? 'ಜ್ಞಾನ' ಅಂತ ಬರೆದು 'ಗ್ನಾನ' ಅನ್ನುವವರು. ಈ ಸಾಲಿನಲ್ಲಿ ಬಾಯಿಬಿಡುವವನು ಒಬ್ಬನೇ, 'ಕ್ನಿಶ್'. ಯಿಡ್ಡಿಷ್‌ನಿಂದ ಬಂದ ತಿಂಡಿ, ಹೂರಣ ತುಂಬಿದ್ದು. ಹಿಟ್ಟು ನಾದುವುದಕ್ಕೆ ಇಂಗ್ಲಿಷಿನ 'ನೀಡ್' ಸಹ ಇದೇ ಸಾಲಿನದು. ನಾದು, ನೀಡ್: ಕೇಳಲಿಕ್ಕೆ ಅಕ್ಕತಂಗಿ, ಸಂಬಂಧ ಮಾತ್ರ ಏನೂ ಇಲ್ಲ.

ಉಳಿದವರಲ್ಲಿ ಮುಕ್ಕಾಲು ಪಾಲು ನೆಂಟರು. ಕಯಾಕ್ ಇನ್ಯುಯಿಟ್ ಜನರದ್ದು, ಕಿಯಾಸ್ಕ್ ತುರ್ಕಿಯದ್ದು, ಕ್ರಿಲ್ ನಾರ್ವೆಯದ್ದು. ಕರ್ಮ, ಕುರ್ತಾ, ಕುಲ್ಫಿ, ಕೊರ್ಮಾ, ಕರೈತ್ ಹಾವಿನ 'ಕ್ರೈಟ್' ನಮ್ಮ ಕಡೆಯಿಂದ ಹೋದವು. ನನಗೆ ಪ್ರೀತಿ ಖಾಕಿಯ ಮೇಲೆ. ಬಲ್ಮಠದ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಈ ಬಣ್ಣ ಕಂಡುಹಿಡಿದ ಎಂಬುದು ನಮ್ಮೂರವರು ಎದೆಯುಬ್ಬಿಸಿ ಹೇಳುವ ಮಾತು. ಬಣ್ಣ ಯಾರದ್ದೇ ಇರಲಿ, ಪದ ಪಾರ್ಸಿಯ 'ಖಾಕ್', ಅಂದರೆ ಧೂಳು. ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್‌ನಲ್ಲಿ ಅದನ್ನು ಜೋಡಿಸುವುದೂ ಪೇಚಾಟವೇ. ಇಡೀ ಆಟಕ್ಕೆ ಕೆ ಬಿಲ್ಲೆ ಒಂದೇ, ಅದಕ್ಕೆ 5 ಅಂಕ. ಎರಡನೇ ಕೆಗೆ ಸೊನ್ನೆ ಅಂಕದ ಖಾಲಿ ಬಿಲ್ಲೆ ಬಲಿಕೊಡಬೇಕು. ಮೊನ್ನೆ ಕೊಟ್ಟೆ. 11 ಅಂಕ ಬಂತು, ಆಟ ಸೋತೆ.

ಸಿಕ್ಕಿಬಿದ್ದದ್ದು ಕೊಬ್ಬರಿಯಲ್ಲಿ. 'ಕೊಪ್ರ' ಐದಕ್ಷರ ತಾನೇ, ಕೆಯಲ್ಲಿ ಇರಲೇಬೇಕು ಅಂತ ಹುಡುಕಿದರೆ ಇಲ್ಲ. ಅದು ಸಿ ಬೀದಿಯಲ್ಲಿ ಮನೆ ಮಾಡಿದೆ! ಮಲಯಾಳದ ಕೊಪ್ಪರ ಪೋರ್ಚುಗೀಸರ ಹಡಗು ಹತ್ತಿ ಇಂಗ್ಲಿಷಿಗೆ ಹೋದದ್ದು, ಅವರ ಬರವಣಿಗೆಯಲ್ಲಿ ಕೆ ತೀರಾ ಅಪರೂಪ. ತೆಂಗಿನ ನಾರಿನ 'ಕಾಯರ್' ಕೂಡ ಅದೇ ದಾರಿ ಹಿಡಿದು ಸಿ ಆಗಿದೆ. ಕುರ್ತಾ, ಖಾಕಿ ಬ್ರಿಟಿಷರ ಕಾಲದಲ್ಲಿ ಹಿಂದಿ, ಉರ್ದುವಿನಿಂದ ನೇರ ಹೋದ್ದರಿಂದ ಕೆ ಉಳಿಸಿಕೊಂಡವು. ಅಂದರೆ ಮೊದಲಕ್ಷರ ನೋಡಿದರೆ ಯಾರ ಕೈ ಹಿಡಿದು ಹೋಯಿತೆಂದು ಒಂದು ಅಂದಾಜು ಸಿಗುತ್ತದೆ. ಎಲ್ಲದಕ್ಕೂ ಈ ಲೆಕ್ಕ ಹೊಂದುವುದಿಲ್ಲ, ಆದರೂ ಈಗ ಪ್ರತಿ ಚೀಟಿಯ ಮೂಲೆಯಲ್ಲಿ ಬಂದ ದಾರಿಯನ್ನೂ ಬರೆಯುತ್ತಿದ್ದೇನೆ. 58ರಲ್ಲಿ 31 ಮುಗಿದಿದೆ.

ನಿನ್ನೆ 'ಕಾಂಜಿ' ಸೇರಿಸಿದೆ, ಜಪಾನೀಯರು ಬರೆಯುವ ಚೀನೀ ಲಿಪಿ. ಅಮ್ಮ ಬಚ್ಚಲಿಂದ ಬಂದವರು ನಾನು ಜೋರಾಗಿ ಓದಿದ್ದು ಕೇಳಿ, "ಗಂಜಿಯೂ ಇಂಗ್ಲಿಷಾ ಈಗ?" ಅಂದರು. ಗಂಜಿಗೂ ಇಂಗ್ಲಿಷಿನಲ್ಲಿ ಪದ ಉಂಟಮ್ಮ, 'ಕಾಂಜೀ' ಅಂತಲೇ, ಆದರೆ ಆರಕ್ಷರ, ಅದೂ ಸಿಯಿಂದ ಶುರು ಅಂದೆ. "ಹಾಗಾದ್ರೆ ನಿನ್ನ ಡಬ್ಬಿಗೆ ಬೇಡ, ತಣಿಯುವ ಮೊದಲು ಬಂದು ಉಣ್ಣು."