ಅಲೆ ಎಣಿಸಲು ಕಲಿಸಿದ ಮಾಸ್ತರರು

ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನ ವಿಜ್ಞಾನದ ಮಾಸ್ತರರು ನಮ್ಮನ್ನು ಕುಂಬಳೆಯ ಕೊಯಿಪ್ಪಾಡಿ ಕಡಲ ದಂಡೆಗೆ ಕರೆದೊಯ್ದರು. ತೆಂಗಿನ ಗರಿಯೂ ಅಲುಗದ ಮಧ್ಯಾಹ್ನ. ಆದರೂ ಉದ್ದುದ್ದ ಅಲೆಗಳು ಒಂದರ ಹಿಂದೊಂದು ಬಂದು, ಮೇಲೆ ಎಳೆದಿಟ್ಟ ದೋಣಿಗಳ ಬುಡವನ್ನು ಮುಟ್ಟುತ್ತಿದ್ದವು. "ಗಾಳಿಯೇ ಇಲ್ಲ, ಇವನ್ನು ಎಬ್ಬಿಸಿದವರು ಯಾರು?" ಎಂದು ಕೇಳಿದ ಮಾಸ್ತರರು ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅದರ ಚರ್ಮದ ಪಟ್ಟಿ ಬೆವರಿಗೆ ಇನ್ನೂ ಒದ್ದೆಯಾಗಿತ್ತು. ಹತ್ತು ಅಲೆ ಎಣಿಸಿದೆ. ಅಲೆಯಿಂದ ಅಲೆಗೆ 17 ಸೆಕೆಂಡ್.

ಹತ್ತಿರದ ಗಾಳಿಯ ಅಲೆಯಾದರೆ ಐದಾರು ಸೆಕೆಂಡಿಗೊಂದು ಬರುತ್ತದೆ. 17 ಎಂದರೆ ಎಲ್ಲೋ ದೂರದಲ್ಲಿ ದೊಡ್ಡ ಬಿರುಗಾಳಿ ವಿಶಾಲವಾದ ಕಡಲ ಮೇಲೆ ಬಹಳ ಹೊತ್ತು ಬೀಸಿದೆ. ಬಹುಶಃ 40 ಡಿಗ್ರಿ ದಕ್ಷಿಣ ಅಕ್ಷಾಂಶದಾಚೆ, ಇಲ್ಲಿಂದ ಸುಮಾರು 6,000 ಕಿ.ಮೀ. ದೂರ. ಆಳ ಕಡಲಲ್ಲಿ ಅಂಥ ಅಲೆಗಳ ಶಕ್ತಿ ಗಂಟೆಗೆ 48 ಕಿ.ಮೀ.ನಂತೆ ಸಾಗುತ್ತದೆ, ಕಾಸರಗೋಡಿನಿಂದ ಮಂಗಳೂರಿಗೆ ಹೆಚ್ಚುಕಡಿಮೆ ಒಂದು ಗಂಟೆ. ಹಾಗಾದರೆ ನಮ್ಮ ಕಾಲು ತೋಯಿಸಿದ ಅಲೆ ಹೊರಟು ಐದು ದಿನವಾಗಿತ್ತು! ನೀರು ಮಾತ್ರ ಅಲ್ಲಿಂದ ಬಂದದ್ದಲ್ಲ. ಅಲೆ ಒಡೆಯುವ ಜಾಗದಾಚೆ ತೇಲುತ್ತಿದ್ದ ತೆಂಗಿನಕಾಯಿಯೊಂದನ್ನು ಮಾಸ್ತರರು ತೋರಿಸಿದರು. ಅಲೆ ಬಂದಾಗ ಅದು ಏರುತ್ತಿತ್ತು, ದಾಟಿದಾಗ ಇಳಿಯುತ್ತಿತ್ತು, ಇದ್ದಲ್ಲೇ ಇರುತ್ತಿತ್ತು.

"ನಾಳೆಯೂ ಎಣಿಸು" ಎಂದರು. ಬಿರುಗಾಳಿಯಡಿ ಉದ್ದ, ಗಿಡ್ಡ ಅಲೆಗಳೆಲ್ಲ ಕಲಸಿಕೊಂಡೇ ಹುಟ್ಟುತ್ತವೆ. ದಾರಿಯಲ್ಲಿ ಹೆಚ್ಚು ಸೆಕೆಂಡಿಗೊಂದು ಬರುವ ಉದ್ದದವು ಮುಂದೆ ಓಡುತ್ತವೆ, ಗಿಡ್ಡವು ಹಿಂದುಳಿಯುತ್ತವೆ. ಮರುದಿನ ಒಬ್ಬನೇ ಹೋದೆ: 15. ಮೂರನೆಯ ದಿನ 13. ಪುಸ್ತಕದಲ್ಲಿ ಓದದ ಸಂಗತಿಯೊಂದು ನನ್ನ ಎಣಿಕೆಯಲ್ಲೇ ನಿಜವಾದ ಆ ಸಂಜೆಯ ಸಂತೋಷ ಇಂದಿಗೂ ಮಾಸಿಲ್ಲ. 1963ರಲ್ಲಿ ಕಡಲ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ದಕ್ಷಿಣದ ಬಿರುಗಾಳಿಗಳ ಅಲೆಗಳನ್ನು ಪೆಸಿಫಿಕ್ ಉದ್ದಕ್ಕೂ ಅಲಾಸ್ಕದವರೆಗೆ ಹಿಂಬಾಲಿಸಿದ್ದರೆಂದು ಕಾಲೇಜಿನಲ್ಲಿ ಓದಿದಾಗ ನೆನಪಾದದ್ದು ಆ ಗಡಿಯಾರವೇ.

ಹೇಳದೆ ಕೇಳದೆ ದಡ ನುಗ್ಗುವ ಇಂಥ ಕಡಲಿಗೆ ಇಲ್ಲಿನ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಮಲಯಾಳದ ಮಾತಾದರೂ ಕನ್ನಡದ ಕಿವಿಗೆ ಅರ್ಥ ಹೇಳಬೇಕಿಲ್ಲ. 2012ರಲ್ಲಿ ಯುನೆಸ್ಕೊ ಕೂಡ ಆ ಪದವನ್ನು ಒಪ್ಪಿಕೊಂಡಿತು. 2024ರಲ್ಲಿ ಕಳ್ಳಕ್ಕಡಲಿನ ಎಚ್ಚರಿಕೆ ಹೊರಬಿದ್ದಾಗ ಮಾಸ್ತರರಿಗೆ ಫೋನ್ ಮಾಡಿದೆ. ಕುಶಲ ವಿಚಾರಿಸುವ ಮೊದಲೇ ಅವರು ಕೇಳಿದರು: "ಎಷ್ಟು ಸೆಕೆಂಡ್?"