ಟ್ಯೂಬಾಗಳ ಕ್ರಿಸ್‌ಮಸ್

ನಿನ್ನೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ ಟ್ಯೂಬಾಕ್ರಿಸ್‌ಮಸ್ ಕೇಳಿದೆ. ಟ್ಯೂಬಾ ಅಂದರೆ ಮಂದ್ರ ಸ್ವರದ ದೊಡ್ಡ ಹಿತ್ತಾಳೆ ಊದುವಾದ್ಯ; ಅದನ್ನು ನುಡಿಸುವವರು ಸೇರಿ ಮಾಡುವ ಕ್ರಿಸ್‌ಮಸ್ ಕಛೇರಿ ಇದು. ಕೈ ಮರಗಟ್ಟುವಷ್ಟು ಚಳಿ. ಎದುರಿಗೆ ಸಾಲುಸಾಲು ಟ್ಯೂಬಾ, ಅದರದೇ ಬಳಗದ ಯೂಫೋನಿಯಂ, ಸೂಸಾಫೋನ್. ಕೆಲವಕ್ಕೆ ಬಣ್ಣದ ದೀಪದ ಸರ ಸುತ್ತಿದ್ದರು. ಶಾಲೆಯ ಹುಡುಗಿಯ ಪಕ್ಕದಲ್ಲೇ ತಲೆ ನೆರೆತ ಅಜ್ಜ. ಬೇರೆಬೇರೆ ಕಡೆಯಿಂದ ಬಂದವರು ಒಮ್ಮೆ ಒಟ್ಟಿಗೆ ಅಭ್ಯಾಸ ಮಾಡಿ ನುಡಿಸಿಬಿಡುತ್ತಾರಂತೆ.

ಮೊದಲ ಸ್ವರ ಬಂದಾಗ ಕಿವಿಗಿಂತ ಮುಂಚೆ ಎದೆಗೆ ತಟ್ಟಿತು. ದೊಡ್ಡ ಟ್ಯೂಬಾದಲ್ಲಿ ಸುತ್ತಿಟ್ಟ ಕೊಳವೆ ಬಿಡಿಸಿದರೆ ಸುಮಾರು 18 ಅಡಿ. ಅಷ್ಟು ಉದ್ದಕ್ಕೂ ಒಬ್ಬರ ಉಸಿರು ತುಂಬಬೇಕು. ಚಳಿಗೆ ಹಿತ್ತಾಳೆ ವಾದ್ಯದ ಶ್ರುತಿ ಇಳಿಯುತ್ತದೆ, ಆದರೂ ನೂರಾರು ಜನ ಒಟ್ಟಿಗೆ ಊದಿದಾಗ ಆ ನಾದ ಕಂಬಳಿ ಹೊದಿಸಿದಂತೆ ಬೆಚ್ಚಗಿತ್ತು.

ಇದನ್ನು ಶುರು ಮಾಡಿದವರು ಟ್ಯೂಬಾ ವಾದಕ ಹಾರ್ವಿ ಫಿಲಿಪ್ಸ್. ಅವರ ಗುರು ವಿಲಿಯಂ ಬೆಲ್ ಹುಟ್ಟಿದ್ದು 1902ರ ಕ್ರಿಸ್‌ಮಸ್ ದಿನ. ಗುರುವಿನ ನೆನಪಿಗಾಗಿ 1974ರ ಡಿಸೆಂಬರ್ 22ರಂದು ಇದೇ ಜಾಗದಲ್ಲಿ, ಐಸ್ ಸ್ಕೇಟಿಂಗ್ ಅಂಗಳದಲ್ಲಿ, ಮೊದಲ ಕಛೇರಿ ನಡೆಸಿದರು. ಈಗ ಎಷ್ಟೋ ಊರುಗಳಲ್ಲಿ ನಡೆಯುತ್ತದೆ. ತ್ಯಾಗರಾಜರ ಆರಾಧನೆಯಲ್ಲಿ ಎಲ್ಲರೂ ಸೇರಿ ಪಂಚರತ್ನ ಹಾಡುವುದನ್ನು ಕೇಳಿ ಬೆಳೆದ ನನಗೆ ಇದು ಪರಕೀಯ ಅನ್ನಿಸಲೇ ಇಲ್ಲ.

ಬ್ಯಾಂಡಿನಲ್ಲಿ ಟ್ಯೂಬಾ ಸಾಮಾನ್ಯವಾಗಿ ಹಿಂದೆ ನಿಂತು ಬೇರೆಯವರ ಹಾಡಿಗೆ ತಳಪಾಯ ಹಾಕುತ್ತದೆ. ನಿನ್ನೆ ಹಾಡೂ ಅದರದೇ. ಮುಗಿದ ಮೇಲೆ ಆ ಅಜ್ಜ ತುಟಿ ಒರೆಸಿಕೊಂಡು, ವಾದ್ಯವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.